ಸ್ಪೆಷಾಲಿಟಿಗೆ ಮುಂಚಿನ ಇಂಟರ್ನ್ ವರ್ಷ: ಟ್ರಾನ್ಸಿಷನಲ್, ಪ್ರಿಲಿಮ್ ಮೆಡಿಸಿನ್, ಪ್ರಿಲಿಮ್ ಸರ್ಜರಿ, ಯಾವುದು ಯಾರಿಗೆ?

ಅಮೆರಿಕದಲ್ಲಿ ರೇಡಿಯಾಲಜಿ, ಡರ್ಮಟಾಲಜಿ, ರೇಡಿಯೇಶನ್ ಆಂಕಾಲಜಿ, ಪಿಎಂಆರ್ (ಪುನಶ್ಚೇತನ ಚಿಕಿತ್ಸೆಯ ವಿಭಾಗ) ಇಂಥವುಗಳ ರೆಸಿಡೆನ್ಸಿಗೆ, ಅಂದರೆ ಎಂಬಿಬಿಎಸ್ ನಂತರದ ಸ್ಪೆಷಾಲಿಟಿ ತರಬೇತಿಗೆ, ಅರ್ಜಿ ಹಾಕುವವರಿಗೆ ಉಳಿದವರಿಗಿಂತ ಒಂದು ಕೆಲಸ ಜಾಸ್ತಿ. ಈ ಸೀಟುಗಳಲ್ಲಿ ಹೆಚ್ಚಿನವು ಶುರುವಾಗುವುದೇ ಎರಡನೇ ವರ್ಷದಿಂದ. ಮೊದಲ ವರ್ಷವನ್ನು, ಅಂದರೆ ಇಂಟರ್ನ್ ವರ್ಷವನ್ನು, ನೀವೇ ಬೇರೆಯಾಗಿ ಹುಡುಕಿಕೊಳ್ಳಬೇಕು. ಅದರಲ್ಲಿ ಮುಖ್ಯವಾಗಿ ಮೂರು ಥರ: ಟ್ರಾನ್ಸಿಷನಲ್, ಪ್ರಿಲಿಮ್ ಮೆಡಿಸಿನ್, ಪ್ರಿಲಿಮ್ ಸರ್ಜರಿ. ಪ್ರಿಲಿಮ್ ಅಂದರೆ ಪ್ರಿಲಿಮಿನರಿ, ಒಂದೇ ವರ್ಷದ ಸೀಟು. ಇಂಥ ಸೀಟಿಗೆ ಅಡ್ವಾನ್ಸ್‌ಡ್ ಅಂತಾರೆ. ಮೊದಲ ವರ್ಷವೂ ಸೇರಿಯೇ ಬರುವುದು ಕೆಟಗಾರಿಕಲ್. ಅನಸ್ತೇಷಿಯಾ ಮತ್ತು ನ್ಯೂರಾಲಜಿಯಲ್ಲಿ ಎರಡೂ ಥರದ ಸೀಟು ಇವೆ, ಆದರೆ ಈಗೀಗ ಕೆಟಗಾರಿಕಲ್ ಕಡೆಗೇ ವಾಲಿವೆ. ಕಣ್ಣಿನ ವಿಭಾಗದವರು ಇಂಟರ್ನ್ ವರ್ಷವನ್ನು ತಮ್ಮ ಪ್ರೋಗ್ರಾಂಗೇ ಜೋಡಿಸಿಕೊಂಡಿದ್ದಾರೆ, ಹಾಗಾಗಿ ಅವರಿಗೆ ಈ ಚಿಂತೆ ಹೆಚ್ಚುಕಮ್ಮಿ ಮುಗಿದಂತೆ.

ಊರಲ್ಲಿ ಹೌಸ್ ಸರ್ಜನ್ಸಿ ಮುಗಿಸಿ ಬರುವವರು ಮೊದಲು ಕೇಳುವುದು ಇದನ್ನು: "ಒಂದು ವರ್ಷ ಎಲ್ಲ ವಿಭಾಗದಲ್ಲೂ ದುಡಿದಿದ್ದೀನಲ್ಲ, ಅದು ಲೆಕ್ಕಕ್ಕೆ ಬರಲ್ವಾ?" ಬರಲ್ಲ. ಎಂಬಿಬಿಎಸ್‌ನ ಕೊನೆಯ ಆ 12 ತಿಂಗಳು ಇಲ್ಲಿನವರ ಕಣ್ಣಿಗೆ ಮೆಡಿಕಲ್ ಕಾಲೇಜಿನ ಭಾಗ ಅಷ್ಟೇ. ಎಸಿಜಿಎಂಇ (ಇಲ್ಲಿನ ವೈದ್ಯ ತರಬೇತಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಮತ್ತೆ ಒಂದು ವರ್ಷ ಇಂಟರ್ನ್ ಆಗಲೇಬೇಕು. ಬೇಸರ ಆಗುತ್ತದೆ, ಗೊತ್ತು. ಆದರೆ ಕೆಲಸ ನಿಜವಾಗಲೂ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಎಲ್ಲರೂ ಹುಡುಕುವುದು ಯಾವ ವರ್ಷ ಸುಲಭ ಅಂತ. ನನ್ನ ಸಲಹೆ ಒಂದೇ. ಎರಡನೇ ವರ್ಷ ಶುರುವಾದ ಮೇಲೆ, ರಾತ್ರಿ ಪಾಳಿಯಲ್ಲಿ, ಸೀನಿಯರ್ ಬೇರೆಲ್ಲೋ ಇದ್ದಾಗ, ನಿಮ್ಮ ಸ್ಪೆಷಾಲಿಟಿ ನಿಮ್ಮಿಂದ ಏನನ್ನು ಕೇಳುತ್ತದೆ ಅಂತ ಮೊದಲು ಯೋಚಿಸಿ. ಯಾವ ಇಂಟರ್ನ್ ವರ್ಷ ನಿಮ್ಮನ್ನು ಅದಕ್ಕೆ ತಯಾರು ಮಾಡುತ್ತದೋ ಅದನ್ನು ನಿಮ್ಮ ಆಯ್ಕೆಯ ಪಟ್ಟಿಯಲ್ಲಿ ಮೇಲೆ ಹಾಕಿ. ಆರಾಮ, ಊರು, ಹೆಸರು ಎಲ್ಲ ಆಮೇಲೆ. ನಾನು ರೇಡಿಯಾಲಜಿಗೆ ಮುಂಚೆ ಪ್ರಿಲಿಮ್ ಮೆಡಿಸಿನ್ ಮಾಡಿದ್ದು, ಹಾಗಾಗಿ ನನ್ನ ಒಲವು ಸ್ವಲ್ಪ ಅತ್ತ ಇದೆ ಅನ್ನುವುದನ್ನು ಮನಸ್ಸಲ್ಲಿಟ್ಟುಕೊಂಡೇ ಓದಿ.

ಮೊದಲು ನೀವು ಯಾವ ಸಾಲಿನಲ್ಲಿ ನಿಂತಿದ್ದೀರಿ ನೋಡಿಕೊಳ್ಳಿ

ಇಂಟರ್ನ್ ವರ್ಷ ಹುಡುಕುವವರಲ್ಲಿ ಎರಡು ಗುಂಪು ಇದೆ. ಒಂದು ಗುಂಪಿನವರು ಅಡ್ವಾನ್ಸ್‌ಡ್ ಸೀಟಿಗೂ ಅರ್ಜಿ ಹಾಕುತ್ತಿದ್ದಾರೆ, ಅದು ಸಿಕ್ಕರೆ ಜೊತೆಗೆ ಒಂದು ವರ್ಷ ಬೇಕು. ಇವರಿಗೆ ಆ ವರ್ಷ ಒಂದು ಸೇತುವೆ, ಆಚೆ ದಡ ಗೊತ್ತಿದೆ. ಇನ್ನೊಂದು ಗುಂಪಿನವರಿಗೆ ಯಾವ ಸ್ಪೆಷಾಲಿಟಿಯೂ ಗಟ್ಟಿಯಾಗಿಲ್ಲ, "ಒಂದು ಪ್ರಿಲಿಮ್ ಆದರೂ ಸಿಗಲಿ, ಅಮೆರಿಕದಲ್ಲಿ ಕಾಲಿಟ್ಟರೆ ಮುಂದೆ ನೋಡೋಣ" ಅಂತ ಹೊರಟವರು. ನಮ್ಮ ಕಡೆಯಿಂದ ಬರುವವರಲ್ಲಿ ಈ ಎರಡನೇ ಗುಂಪಿನವರು ತುಂಬಾ ಜನ.

ಮೊದಲ ಗುಂಪಿಗೆ ಒಳ್ಳೆಯದಾಗಿರುವ ವರ್ಷ ಎರಡನೇ ಗುಂಪಿಗೆ ಒಳ್ಳೆಯದಾಗಿರಬೇಕು ಅಂತಿಲ್ಲ. ಗೆಳೆಯರು ಕೊಡುವ ಸಲಹೆಯಲ್ಲಿ ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲೇ. ರೇಡಿಯಾಲಜಿ ಸೀಟು ಕೈಯಲ್ಲಿರುವವರು "ಟ್ರಾನ್ಸಿಷನಲ್ ಮಾಡಿ, ಆರಾಮಾಗಿರುತ್ತೆ" ಅಂತಾರೆ. ಮುಂದಿನ ವರ್ಷ ಎಲ್ಲಿರುತ್ತೇನೋ ಗೊತ್ತಿಲ್ಲದವರು ಅದನ್ನೇ ನಂಬಿಕೊಂಡು ಕೂತರೆ ಕಷ್ಟ.

ಟ್ರಾನ್ಸಿಷನಲ್ ವರ್ಷ

ಇದನ್ನು ಟಿವೈ ಅಂತ ಕರೀತಾರೆ. ಸ್ವಲ್ಪ ಮೆಡಿಸಿನ್, ಸ್ವಲ್ಪ ಎಮರ್ಜೆನ್ಸಿ, ಸ್ವಲ್ಪ ಸರ್ಜರಿ ಅಥವಾ ಮಕ್ಕಳ ವಿಭಾಗ, ಉಳಿದದ್ದು ಎಲೆಕ್ಟಿವ್, ಅಂದರೆ ನೀವೇ ಆರಿಸಿಕೊಳ್ಳುವ ವಿಭಾಗ. ನಿಯಮದ ಪ್ರಕಾರ 24 ವಾರ ಮೂಲ ಕ್ಲಿನಿಕಲ್ ಕೆಲಸ ಇರಬೇಕು, ಕನಿಷ್ಠ 8 ವಾರ ಎಲೆಕ್ಟಿವ್ ಇರಬೇಕು. ಎಷ್ಟೋ ಕಡೆ ಎಲೆಕ್ಟಿವ್ ಇದಕ್ಕಿಂತ ಜಾಸ್ತಿ. ಹೆಚ್ಚಿನ ಟಿವೈಗಳು ಸಮುದಾಯ ಆಸ್ಪತ್ರೆಗಳಲ್ಲಿವೆ, ಅಂದರೆ ದೊಡ್ಡ ಯೂನಿವರ್ಸಿಟಿ ಆಸ್ಪತ್ರೆಯ ಗದ್ದಲ ಇರುವುದಿಲ್ಲ. ಪಾಳಿಗಳು ಮಿತವಾಗಿರುತ್ತವೆ, ಸ್ಟೆಪ್ 3 (ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯ ಕೊನೆಯ ಹಂತ) ಓದಲು ಸಮಯ ಸಿಗುತ್ತದೆ, ಮನೆಯಲ್ಲಿ ಚಿಕ್ಕ ಮಗು ಇದ್ದರೆ ಅದರ ಮುಖ ನೋಡಲೂ ಸಿಗುತ್ತದೆ.

ಇಷ್ಟೆಲ್ಲ ಇದ್ದ ಮೇಲೆ ನೂಕುನುಗ್ಗಲು ಇರಲೇಬೇಕಲ್ಲ. ರೇಡಿಯಾಲಜಿ, ಡರ್ಮಟಾಲಜಿಗೆ ಹೋಗುವ ಅಮೆರಿಕದ ವಿದ್ಯಾರ್ಥಿಗಳು, ಅದೂ ಒಳ್ಳೆಯ ಅಂಕದವರು, ಟಿವೈಗೇ ಮುಗಿಬೀಳುತ್ತಾರೆ. ಒಂದೊಂದು ಪ್ರೋಗ್ರಾಂನಲ್ಲಿ ಇರುವ ಸೀಟು ಬೆರಳೆಣಿಕೆಯಷ್ಟು. ಭಾರತದಿಂದ ಬಂದವರನ್ನು ತೆಗೆದುಕೊಳ್ಳುವ ಟಿವೈಗಳು ಕಡಿಮೆ, ವೀಸಾ ಕೊಡುವವು ಇನ್ನೂ ಕಡಿಮೆ. ಅರ್ಜಿ ಹಾಕಬೇಡಿ ಅಂತ ನಾನು ಹೇಳುತ್ತಿಲ್ಲ, ಹಾಕಿ. ಬರೀ ಟಿವೈಗಳನ್ನೇ ನಂಬಿಕೊಂಡು ಇರಬೇಡಿ ಅಷ್ಟೇ.

ಇನ್ನೊಂದು ವಿಷಯ. ಟಿವೈ ಅಂತ ಬೋರ್ಡು ಇದ್ದ ಮಾತ್ರಕ್ಕೆ ಆರಾಮ ಅಂತ ಅಂದುಕೊಳ್ಳಬೇಡಿ. ಕೆಲವು ಕಡೆ ಟಿವೈ ಇಂಟರ್ನ್‌ಗಳು ಮೆಡಿಸಿನ್ ವಾರ್ಡಿನಲ್ಲೇ ಅರ್ಧಕ್ಕಿಂತ ಹೆಚ್ಚು ವರ್ಷ ಕಳೆಯುತ್ತಾರೆ. ಕೆಲವು ಕಡೆ ಐಸಿಯು ಹೆಸರಿಗೆ ಮಾತ್ರ ಇರುತ್ತದೆ, ಅದು ಇನ್ನೊಂದು ತೊಂದರೆ. ನನ್ನನ್ನು ಕೇಳಿದರೆ, ಒಳ್ಳೆಯ ಟಿವೈ ಅಂದರೆ ಕನಿಷ್ಠ ಒಂದು ತಿಂಗಳು ನಿಜವಾದ ಐಸಿಯು, ಒಂದು ತಿಂಗಳು ಗಿಜಿಗುಡುವ ಎಮರ್ಜೆನ್ಸಿ, ರಾತ್ರಿ ಪಾಳಿಯಲ್ಲಿ ನೀವೇ ಮೊದಲು ಓಡಬೇಕಾದ ಕೆಲವು ವಾರ, ಇವು ಇರುವಂಥದ್ದು. ಇವು ಮೂರೂ ಇಲ್ಲದ ವರ್ಷ ಕಳೆಯುವುದು ಸುಲಭ, ಆದರೆ ಮುಂದೆ ರಾತ್ರಿ ಪಾಳಿಯಲ್ಲಿ ಅದರ ಕೊರತೆ ಕಾಡುತ್ತದೆ.

ಪ್ರಿಲಿಮ್ ಮೆಡಿಸಿನ್

ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಯ ಮೊದಲ ವರ್ಷ ಹೇಗಿರುತ್ತದೋ ಇದೂ ಹಾಗೇ, ಒಂದು ವರ್ಷಕ್ಕೆ ಮುಗಿಯುತ್ತದೆ ಅನ್ನುವುದಷ್ಟೇ ವ್ಯತ್ಯಾಸ. ವಾರ್ಡು, ಐಸಿಯು, ನೈಟ್ ಫ್ಲೋಟ್ (ಸಾಲಾಗಿ ರಾತ್ರಿ ಪಾಳಿಯೇ ಇರುವ ವಾರಗಳು), ಮತ್ತೆ ವಾರ್ಡು. ಸೀಟುಗಳು ಟಿವೈಗಿಂತ ಹೆಚ್ಚು ಆಸ್ಪತ್ರೆಗಳಲ್ಲಿ ಸಿಗುತ್ತವೆ, ವೀಸಾ ಕೊಡುವವರೂ ಇಲ್ಲಿ ಜಾಸ್ತಿ.

ಕೆಲಸ ಭಾರ. ಬೆಳಿಗ್ಗೆ ಆರು ಆರೂವರೆಗೆ ರಾತ್ರಿಯವರಿಂದ ಸೈನ್‌ಔಟ್, ಅಂದರೆ ರೋಗಿಗಳ ವಿವರ, ತಗೊಂಡು, ನಿಮ್ಮ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ನೋಡಿ, ರೌಂಡ್ಸ್‌ನಲ್ಲಿ ಅಟೆಂಡಿಂಗ್ (ಹೊಣೆ ಹೊತ್ತ ಹಿರಿಯ ವೈದ್ಯರು) ಮುಂದೆ ಒಪ್ಪಿಸಿ, ಆರ್ಡರ್ ಹಾಕಿ, ಕನ್ಸಲ್ಟ್‌ಗೆ ಫೋನ್ ಮಾಡಿ, ಮಧ್ಯೆ ಪೇಜರ್ ಕೂಗಿದಾಗಲೆಲ್ಲ ಓಡಿ, ಮನೆಗೆ ಹೋಗುವವರ ಡಿಸ್ಚಾರ್ಜ್ ಸಮ್ಮರಿ ಬರೆದು ಮುಗಿಸುವಷ್ಟರಲ್ಲಿ ಸಂಜೆ. ಒಬ್ಬ ಇಂಟರ್ನ್ ಕೈಯಲ್ಲಿ ಒಂದು ಸಲಕ್ಕೆ 10ಕ್ಕಿಂತ ಹೆಚ್ಚು ರೋಗಿಗಳು ಇರಬಾರದು ಅಂತ ನಿಯಮ ಇದೆ. ಊರಿನ ಸರ್ಕಾರಿ ಆಸ್ಪತ್ರೆಯ ವಾರ್ಡು ನೋಡಿ ಬಂದವರಿಗೆ "ಹತ್ತೇನಾ?" ಅನ್ನಿಸಬಹುದು. ಆದರೆ ಆ ಹತ್ತು ಜನರಲ್ಲಿ ಒಬ್ಬೊಬ್ಬರಿಗೂ ಹದಿನೈದು ಇಪ್ಪತ್ತು ಔಷಧಿ, ನಾಲ್ಕೈದು ಹಳೆಯ ಕಾಯಿಲೆ, ಇನ್ಶೂರೆನ್ಸ್ ಒಪ್ಪಿಗೆಯ ಗಲಾಟೆ, ಮನೆಗೆ ಕಳಿಸಬೇಕಾ ನರ್ಸಿಂಗ್ ಹೋಮ್‌ಗೆ ಕಳಿಸಬೇಕಾ ಅನ್ನುವ ಚರ್ಚೆ. ದಿನ ಹೋಗಿದ್ದೇ ಗೊತ್ತಾಗಲ್ಲ.

ಇಲ್ಲೇ ನಮ್ಮವರಿಗೆ ಈ ವರ್ಷದ ನಿಜವಾದ ಬೆಲೆ ಇರುವುದು. ಕಾಯಿಲೆ ಗುರುತಿಸುವುದು ನಮಗೆ ಬರುತ್ತದೆ. ಕ್ಷಯ, ಡೆಂಗ್ಯೂ, ಹಾವು ಕಡಿತ, ಸಂಧಿವಾತದ ಹೃದಯರೋಗ ಇವನ್ನೆಲ್ಲ ಇಲ್ಲಿನ ಇಂಟರ್ನ್‌ಗಳಿಗಿಂತ ಜಾಸ್ತಿ ನೋಡಿದ್ದೇವೆ. ಬರದಿರುವುದು ಬೇರೆ. ಆಸ್ಪತ್ರೆಗೆ ಸೇರಿದ ದಿನವೇ ರೋಗಿಯ ಪಕ್ಕ ಕೂತು "ಹೃದಯ ನಿಂತರೆ ನಾವು ಮತ್ತೆ ಬಡಿಸಲು ಪ್ರಯತ್ನ ಮಾಡಬೇಕಾ, ಬೇಡವಾ?" ಅಂತ ನೇರವಾಗಿ ಕೇಳಬೇಕು. ಕ್ಯಾನ್ಸರ್ ಅಂತ ಗೊತ್ತಾದರೆ ಮೊದಲು ಹೇಳುವುದು ರೋಗಿಗೆ, ಮನೆಯವರಿಗೆ ಹೇಳಲು ರೋಗಿಯ ಒಪ್ಪಿಗೆ ಬೇಕು. ನಮ್ಮಲ್ಲಿ ಮಗನನ್ನು ಕಾರಿಡಾರ್‌ಗೆ ಕರೆದು ಹೇಳಿ ಅಭ್ಯಾಸ, "ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ" ಅಂತ ಅವರು ಕೈಮುಗಿಯುವುದು ಅಭ್ಯಾಸ. ಇಲ್ಲಿ ಅದು ನಡೆಯುವುದಿಲ್ಲ. ನರ್ಸ್, ಫಾರ್ಮಸಿಸ್ಟ್, ಕೇಸ್ ಮ್ಯಾನೇಜರ್ ಇವರ ಮಾತಿಗೆ ಇರುವ ತೂಕ, ಕಂಪ್ಯೂಟರಿನಲ್ಲಿ ಆರ್ಡರ್ ಹಾಕುವ ಕ್ರಮ, ಯಾವುದನ್ನು ಬರೆದಿಡಲೇಬೇಕು ಅನ್ನುವ ಅಂದಾಜು, ಇದೆಲ್ಲ ಮೆಡಿಸಿನ್ ವಾರ್ಡಿನಲ್ಲಿ ಕಲಿತಷ್ಟು ಚೆನ್ನಾಗಿ ಬೇರೆಲ್ಲೂ ಕಲಿಯಲು ಆಗುವುದಿಲ್ಲ. ಇಲ್ಲಿಯೇ ಓದಿದ ವಿದ್ಯಾರ್ಥಿಗಳು ಇದನ್ನು ಕಾಲೇಜಿನಲ್ಲೇ ಕಲಿತಿರುತ್ತಾರೆ. ಅವರಿಗೆ ಆರಾಮದ ಟಿವೈ ಸಾಕು. ನಮಗೆ ಸಾಕಾಗುತ್ತದಾ ಅನ್ನುವುದನ್ನು ಒಂದು ಸಲ ಪ್ರಾಮಾಣಿಕವಾಗಿ ಯೋಚಿಸಿ.

ಇನ್ನೊಂದು ದೊಡ್ಡ ಲಾಭ: ಮುಂದೆ ಮನಸ್ಸು ಬದಲಾದರೆ, ಅಥವಾ ಬಯಸಿದ ಸ್ಪೆಷಾಲಿಟಿ ಕೈಕೊಟ್ಟರೆ, ಪ್ರಿಲಿಮ್ ಮೆಡಿಸಿನ್ ವರ್ಷ ಮೂರು ವರ್ಷದ ಇಂಟರ್ನಲ್ ಮೆಡಿಸಿನ್ ತರಬೇತಿಯ ಮೊದಲ ವರ್ಷವಾಗಿ ಲೆಕ್ಕಕ್ಕೆ ಬರುತ್ತದೆ. ಎಲ್ಲಾದರೂ ಎರಡನೇ ವರ್ಷದ ಸೀಟು ಖಾಲಿಯಾದರೆ ಸೇರಿಕೊಳ್ಳಬಹುದು. ಟಿವೈ ಮಾಡಿದವರಿಗೆ ಪೂರ್ತಿ ವರ್ಷ ಹೀಗೆ ಲೆಕ್ಕಕ್ಕೆ ಸಿಗುವುದು ಕಷ್ಟ. ಎರಡನೇ ಗುಂಪಿನವರಿಗೆ, ಅಂದರೆ ಆಚೆ ದಡ ಗೊತ್ತಿಲ್ಲದವರಿಗೆ, ಬೇರೆ ಯಾವ ಕಾರಣವೂ ಬೇಡ, ಇದೊಂದೇ ಸಾಕು.

ತೊಂದರೆಯೂ ಇದೆ. ಕೆಲವು ಆಸ್ಪತ್ರೆಗಳಲ್ಲಿ ಪ್ರಿಲಿಮ್‌ಗಳು ಅಂದರೆ ಒಂದು ವರ್ಷಕ್ಕೆ ಬಂದ ಕೈಗಳು. ಕೆಟಗಾರಿಕಲ್ ಇಂಟರ್ನ್‌ಗಳು ಕ್ಲಿನಿಕ್ ವಾರಕ್ಕೆ ಹೋದಾಗ ವಾರ್ಡು ತುಂಬಿಸುವುದು ಇವರೇ. ಎಲೆಕ್ಟಿವ್ ಕಡಿಮೆ, ಒಳ್ಳೆಯ ತಿಂಗಳುಗಳಲ್ಲಿ ಇವರ ಪಾಲಿಗೆ ಬರುವುದು ಬೇರೆಯವರು ಬಿಟ್ಟು ಉಳಿದದ್ದು. ಎಲ್ಲ ಕಡೆ ಹೀಗಿಲ್ಲ. ಪ್ರಿಲಿಮ್‌ಗಳಿಗೂ ಕೆಟಗಾರಿಕಲ್‌ನವರಿಗೂ ವರ್ಷದ ವೇಳಾಪಟ್ಟಿ ಒಂದೇ ಥರ ಇದೆಯಾ ಅಂತ ಕೇಳಿ, ಆಗುವುದಾದರೆ ಪಟ್ಟಿಯನ್ನೇ ತೋರಿಸಿ ಅಂತ ಕೇಳಿ.

ಪ್ರಿಲಿಮ್ ಸರ್ಜರಿ

ಪ್ರತಿ ವರ್ಷ ಮ್ಯಾಚ್ (ಅರ್ಜಿದಾರರ ಪಟ್ಟಿಯನ್ನೂ ಆಸ್ಪತ್ರೆಗಳ ಪಟ್ಟಿಯನ್ನೂ ಹೊಂದಿಸಿ ಸೀಟು ಹಂಚುವ ವ್ಯವಸ್ಥೆ) ಆದ ಮೇಲೂ ನೂರಾರು ಪ್ರಿಲಿಮ್ ಸರ್ಜರಿ ಸೀಟುಗಳು ಖಾಲಿ ಉಳಿಯುತ್ತವೆ. ಯಾಕೆ ಉಳಿಯುತ್ತವೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಬೆಳಿಗ್ಗೆ ನಾಲ್ಕೂವರೆ ಐದಕ್ಕೆ ಶುರು. ಇಂಟರ್ನ್‌ಗೆ ಆಪರೇಷನ್ ಥಿಯೇಟರ್ ಸಿಗುವುದು ಕಡಿಮೆ, ಸಿಗುವುದು ವಾರ್ಡು, ಡ್ರೈನು, ಡ್ರೆಸಿಂಗು, ರಾತ್ರಿ ಬರುವ ಹೊಟ್ಟೆನೋವಿನ ಕರೆಗಳು. ಒಂದು ವರ್ಷ ಮುಗಿದ ಮೇಲೆ ಅದೇ ಆಸ್ಪತ್ರೆ ಕೆಟಗಾರಿಕಲ್ ಸೀಟು ಕೊಡುತ್ತದೆ ಅಂತ ಯಾವ ಖಾತರಿಯೂ ಇಲ್ಲ. ಕೆಲವರಿಗೆ ಎರಡನೇ ವರ್ಷವೂ ಪ್ರಿಲಿಮ್ ಅಂತಲೇ ಕೊಡುತ್ತಾರೆ. ಆಮೇಲೂ ಮುಂದಿನ ದಾರಿ ಗೊತ್ತಿರುವುದಿಲ್ಲ.

ಇದು ಯಾರಿಗೆ ಸರಿ? ಸರ್ಜನ್ ಆಗಲೇಬೇಕು, ಬೇರೇನೂ ಬೇಡ ಅನ್ನುವವರಿಗೆ. ದುಡಿಮೆ ಕಣ್ಣಿಗೆ ಕಾಣುವ ವಿಭಾಗ ಅದು, ಚೆನ್ನಾಗಿ ಕೆಲಸ ಮಾಡಿದವರಿಗೆ ಅಟೆಂಡಿಂಗ್‌ಗಳು ಬೇರೆ ಕಡೆ ಫೋನ್ ಮಾಡಿ ಹೇಳುವುದು ಉಂಟು. ಇಂಟರ್‌ವೆನ್ಷನಲ್ ರೇಡಿಯಾಲಜಿಗೆ ಹೋಗುವವರಿಗೂ ಇದು ಒಳ್ಳೆಯದು, ಅಲ್ಲಿನ ಕೆಲವು ಪ್ರೋಗ್ರಾಂಗಳು ಸರ್ಜರಿ ವರ್ಷವನ್ನೇ ಇಷ್ಟಪಡುತ್ತವೆ. ಬೇರೆ ಏನೂ ಸಿಗಲಿಲ್ಲ ಅಂತ ಸರ್ಜರಿಯ ಬಗ್ಗೆ ಒಲವೇ ಇಲ್ಲದೆ ಇದಕ್ಕೆ ಹೋಗಬೇಡಿ. ವಾರಕ್ಕೆ 80 ಗಂಟೆ ದುಡಿಯುತ್ತಲೇ ಮುಂದಿನ ವರ್ಷದ ಅರ್ಜಿ ಬರೆಯಬೇಕು, ಸಂದರ್ಶನ ಕೊಡಬೇಕು, ಅದಕ್ಕೆ ರಜೆ ಕೇಳಬೇಕು. ಜೀವ ಹಿಂಡುತ್ತದೆ.

ಪ್ರಿಲಿಮ್ ಪೀಡಿಯಾಟ್ರಿಕ್ಸ್ ಅಂತಲೂ ಬೆರಳೆಣಿಕೆಯ ಸೀಟುಗಳಿವೆ. ಮಕ್ಕಳ ಕೆಲಸ ಇಷ್ಟವಿದ್ದು, ನಿಮ್ಮ ಅಡ್ವಾನ್ಸ್‌ಡ್ ಪ್ರೋಗ್ರಾಂ ಒಪ್ಪಿದರೆ ನೋಡಬಹುದು.

80 ಗಂಟೆಯ ಮಾತು ಬಂತಲ್ಲ. ಮೂರೂ ಥರದ ವರ್ಷಕ್ಕೆ ಮಿತಿ ಒಂದೇ: ನಾಲ್ಕು ವಾರದ ಸರಾಸರಿಯಲ್ಲಿ ವಾರಕ್ಕೆ 80 ಗಂಟೆ, ಏಳು ದಿನಕ್ಕೆ ಸರಾಸರಿ ಒಂದು ದಿನ ರಜೆ. ಇದು ಸುಮ್ನೆ ಬಂದಿದ್ದಲ್ಲ. 1984ರಲ್ಲಿ ನ್ಯೂಯಾರ್ಕ್‌ನಲ್ಲಿ ಲಿಬ್ಬಿ ಜಯಾನ್ ಅನ್ನುವ 18 ವರ್ಷದ ಹುಡುಗಿ ಆಸ್ಪತ್ರೆಗೆ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಆ ರಾತ್ರಿ ಅವಳನ್ನು ನೋಡಿಕೊಳ್ಳುತ್ತಿದ್ದ ಇಂಟರ್ನ್ ಕೈಯಲ್ಲಿ ಇನ್ನೂ ಹತ್ತಾರು ರೋಗಿಗಳಿದ್ದರು. ಅವಳ ತಂದೆ ಹಿಡಿದ ಪಟ್ಟಿನಿಂದ 1989ರಲ್ಲಿ ನ್ಯೂಯಾರ್ಕ್ ರಾಜ್ಯ, 2003ರಲ್ಲಿ ಇಡೀ ದೇಶ ಈ ಮಿತಿಗೆ ಬಂತು. 2011ರಲ್ಲಿ ಇಂಟರ್ನ್‌ಗಳಿಗೆ ಒಂದು ಪಾಳಿ 16 ಗಂಟೆ ದಾಟಬಾರದು ಅಂತ ಮಾಡಿದರು, 2017ರಲ್ಲಿ ಅದನ್ನು ತೆಗೆದು ಮತ್ತೆ 24 ಗಂಟೆಗೆ ಬಿಟ್ಟರು, ರೋಗಿಗಳನ್ನು ಮುಂದಿನ ಪಾಳಿಯವರಿಗೆ ಒಪ್ಪಿಸಲು ಇನ್ನೂ 4 ಗಂಟೆ. ಹಾಗಾಗಿ ಪ್ರೋಗ್ರಾಂಗೆ 24 ಗಂಟೆಯ ಪಾಳಿ ಇದೆಯಾ, ನೈಟ್ ಫ್ಲೋಟ್ ಇದೆಯಾ ಅನ್ನುವುದು ಕೇಳಬೇಕಾದ ಪ್ರಶ್ನೆ. ಎರಡರಲ್ಲೂ ಗಂಟೆ ಒಟ್ಟು ಒಂದೇ ಬರಬಹುದು, ಮೈಗೆ ಮಾತ್ರ ಒಂದೇ ಅಲ್ಲ.

ಯಾವ ಸ್ಪೆಷಾಲಿಟಿಗೆ ಯಾವುದು

ನ್ಯೂರಾಲಜಿ ಆದರೆ ಚರ್ಚೆಯೇ ಬೇಡ, ಪ್ರಿಲಿಮ್ ಮೆಡಿಸಿನ್. ಮೊದಲ ವರ್ಷದಲ್ಲಿ 8 ತಿಂಗಳು ಇಂಟರ್ನಲ್ ಮೆಡಿಸಿನ್ ಇರಬೇಕು, ಇಲ್ಲವೇ 6 ತಿಂಗಳು ಮೆಡಿಸಿನ್ ಜೊತೆಗೆ ಎಮರ್ಜೆನ್ಸಿ, ಮಕ್ಕಳ ವಿಭಾಗದಂಥ ಕಡೆ 2 ತಿಂಗಳು ಇರಬೇಕು. ಎಲ್ಲ ಟಿವೈಗಳಲ್ಲೂ ಈ ಲೆಕ್ಕ ಹೊಂದುವುದಿಲ್ಲ. ಹೊಂದಿದರೂ, ಎರಡನೇ ವರ್ಷದ ನ್ಯೂರಾಲಜಿ ಅಂದರೆ ರಾತ್ರಿ ಸ್ಟ್ರೋಕ್ ಕರೆಗೆ ಓಡುವುದು. ಮುಂದಿರುವ ರೋಗಿಗೆ ಸಕ್ಕರೆ ಏರಿದೆ, ಹೃದಯ ತಾಳ ತಪ್ಪಿದೆ, ಮೂತ್ರಪಿಂಡ ಕೈಕೊಟ್ಟಿದೆ. ಮೆಡಿಸಿನ್ ಗಟ್ಟಿಯಿಲ್ಲದವರಿಗೆ ಆ ವರ್ಷ ತುಂಬಾ ಕಷ್ಟ.

ಅನಸ್ತೇಷಿಯಾಕ್ಕೆ ಅಡ್ವಾನ್ಸ್‌ಡ್ ಸೀಟು ಸಿಕ್ಕರೆ ಐಸಿಯು ಎಲ್ಲಿ ಚೆನ್ನಾಗಿದೆಯೋ ಅಲ್ಲಿಗೆ ಹೋಗಿ. ಬಿಪಿ ಇಳಿದಾಗ ಯಾವ ಔಷಧಿ, ಯಾಕೆ, ಉಸಿರಾಟದ ಯಂತ್ರದಲ್ಲಿ ಏನನ್ನು ಬದಲಿಸಬೇಕು, ಇದು ಮುಂದೆ ದಿನಾ ಬೇಕು. ಪ್ರಿಲಿಮ್ ಮೆಡಿಸಿನ್ ಸರಿ, ಗಟ್ಟಿ ಐಸಿಯು ಇರುವ ಟಿವೈಯೂ ಸರಿ, ಸರ್ಜರಿಯೂ ಪರವಾಗಿಲ್ಲ, ಪರದೆಯ ಆಚೆ ನಿಂತವರು ಏನು ಮಾಡುತ್ತಿದ್ದಾರೆ ಅಂತ ಗೊತ್ತಿದ್ದರೆ ಲಾಭವೇ.

ರೇಡಿಯಾಲಜಿಗೆ ಯಾವ ವರ್ಷವಾದರೂ ನಡೆಯುತ್ತದೆ, ಕನಿಷ್ಠ 36 ವಾರ ನೇರವಾಗಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಇರಬೇಕು ಅಷ್ಟೇ. ಟಿವೈ ಅತಿ ಹೆಚ್ಚು ಬೇಡಿಕೆಯಲ್ಲಿರುವುದು ಇದಕ್ಕೇ. "ಕತ್ತಲ ಕೋಣೆಯಲ್ಲಿ ಕೂರುವವರಿಗೆ ವಾರ್ಡು ಯಾಕೆ?" ಅಂತ ಕೇಳುವವರು ಇದ್ದಾರೆ. ನಾನು ಒಪ್ಪಲ್ಲ. ಸಿಟಿ ಮಾಡಿಸಿ ಅಂತ ಬರುವ ಚೀಟಿಯಲ್ಲಿ ಎರಡು ಪದ ಇರುತ್ತದೆ, ಅದರ ಹಿಂದೆ ವಾರ್ಡಿನಲ್ಲಿ ಏನು ನಡೆಯುತ್ತಿದೆ ಅಂತ ಊಹಿಸಲು ಬರಬೇಕು. ಆಪರೇಷನ್ ಆದ ಐದನೇ ದಿನ ಜ್ವರ ಅಂದರೆ ಸರ್ಜನ್ ಹುಡುಕುತ್ತಿರುವುದು ಏನನ್ನು, ಯಾವ ಉತ್ತರ ಬಂದರೆ ರೋಗಿಯನ್ನು ಈಗಲೇ ಥಿಯೇಟರಿಗೆ ಒಯ್ಯುತ್ತಾರೆ, ಯಾವುದಕ್ಕೆ ಬೆಳಗಿನವರೆಗೆ ಕಾಯುತ್ತಾರೆ, ಇದು ಪುಸ್ತಕದಿಂದ ಬರಲ್ಲ. ಇನ್ನು ಕಾಂಟ್ರಾಸ್ಟ್ ಕೊಟ್ಟ ತಕ್ಷಣ ರೋಗಿಗೆ ಉಸಿರು ಕಟ್ಟಿದರೆ ಆ ಕೋಣೆಯ ಡಾಕ್ಟರ್ ನೀವೇ. ಎಪಿನೆಫ್ರಿನ್ ಎಷ್ಟು, ಎಲ್ಲಿಗೆ ಅಂತ ಯೋಚಿಸುತ್ತಾ ನಿಲ್ಲಲು ಆಗುವುದಿಲ್ಲ. ಆದ್ದರಿಂದ ರೇಡಿಯಾಲಜಿಯವರಿಗೆ ನನ್ನ ಆಯ್ಕೆಯ ಕ್ರಮ ಹೀಗಿದೆ: ಐಸಿಯು ಮತ್ತು ಎಮರ್ಜೆನ್ಸಿ ಚೆನ್ನಾಗಿರುವ ಟಿವೈ, ಆಮೇಲೆ ಮರ್ಯಾದೆಯಾಗಿ ನಡೆಸಿಕೊಳ್ಳುವ ಪ್ರಿಲಿಮ್ ಮೆಡಿಸಿನ್, ಅದಾದ ಮೇಲೆ ಉಳಿದ ಟಿವೈಗಳು. ಊರಿಂದ ನೇರವಾಗಿ ಬಂದು ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸವೇ ಮಾಡಿಲ್ಲದವರಾದರೆ ಮೊದಲ ಎರಡನ್ನು ಅದಲುಬದಲು ಮಾಡಿ ಅಂತೀನಿ.

ಡರ್ಮಟಾಲಜಿಯವರು ಟಿವೈ ಕಡೆ ಹೋಗುತ್ತಾರೆ, ತಪ್ಪಿಲ್ಲ. ಆದರೆ ಮೈಯೆಲ್ಲ ಚರ್ಮ ಸುಲಿಯುವ ಸ್ಟೀವನ್ಸ್ ಜಾನ್ಸನ್ ರೋಗಿ ಇರುವುದು ಐಸಿಯುನಲ್ಲಿ, ಮೆಥೋಟ್ರೆಕ್ಸೇಟ್ ಕೊಟ್ಟರೆ ಲಿವರ್ ನೋಡಿಕೊಳ್ಳಬೇಕಾದವರೂ ನೀವೇ, ಹಾಗಾಗಿ ಮೆಡಿಸಿನ್ ವ್ಯರ್ಥವಲ್ಲ. ಪಿಎಂಆರ್‌ಗೆ ಪ್ರಿಲಿಮ್ ಮೆಡಿಸಿನ್ ಅಥವಾ ಟಿವೈ ಎರಡೂ ಸರಿ. ರೇಡಿಯೇಶನ್ ಆಂಕಾಲಜಿಗೆ ಕ್ಯಾನ್ಸರ್ ವಾರ್ಡಿನ ತಿಂಗಳುಗಳು ಸಿಗುವ ಕಡೆ ನೋಡಿ.

ವೀಸಾ, ಊರು, ದುಡ್ಡು

ವೀಸಾ ವಿಷಯ ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಿ, ಯಾಕೆಂದರೆ ಇಲ್ಲಿ ಆಸ್ಪತ್ರೆ ಎರಡು. ಇಂಟರ್ನ್ ವರ್ಷದ ಆಸ್ಪತ್ರೆಯೂ ಕೊಡಬೇಕು, ಅಡ್ವಾನ್ಸ್‌ಡ್ ಆಸ್ಪತ್ರೆಯೂ ಕೊಡಬೇಕು.

ಹೆಚ್ಚಿನವರು ಬರುವುದು ಜೆ-1ರಲ್ಲಿ, ಅಂದರೆ ತರಬೇತಿಗೆ ಬರುವವರ ವೀಸಾದಲ್ಲಿ. ಅದಕ್ಕೆ ದೆಹಲಿಯ ಆರೋಗ್ಯ ಸಚಿವಾಲಯದ ಪತ್ರ ಬೇಕು, ಒಟ್ಟು ತರಬೇತಿಗೆ ಸಾಮಾನ್ಯವಾಗಿ 7 ವರ್ಷದ ಮಿತಿ ಇದೆ, ತರಬೇತಿ ಮುಗಿದ ಮೇಲೆ ಎರಡು ವರ್ಷ ಭಾರತಕ್ಕೆ ವಾಪಸ್ ಹೋಗಬೇಕು ಅನ್ನುವ ನಿಯಮ ಅಂಟಿಕೊಳ್ಳುತ್ತದೆ. ಅದರಿಂದ ಬಿಡುಗಡೆ ಬೇಕೆಂದರೆ ವೈದ್ಯರ ಕೊರತೆ ಇರುವ ಕಡೆ ಮೂರು ವರ್ಷ ಕೆಲಸ ಮಾಡುವ ದಾರಿ ಇದೆ, ಆ ಕಾನ್ರಾಡ್ ಯೋಜನೆಯಲ್ಲಿ ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಸ್ಥಾನ. ಇಲ್ಲಿ ಗಮನಿಸಬೇಕಾದ್ದು: ಬರೀ ಇಂಟರ್ನ್ ವರ್ಷಕ್ಕೆ ಅಂತ ಜೆ-1 ತಗೊಂಡರೂ ಈ ಎರಡು ವರ್ಷದ ನಿಯಮ ಬಂದೇ ಬರುತ್ತದೆ. ಆಮೇಲೆ ಎರಡನೇ ವರ್ಷದ ಆಸ್ಪತ್ರೆ ಎಚ್-1ಬಿ (ಕೆಲಸದ ವೀಸಾ) ಕೊಡುತ್ತೇನೆ ಅಂದರೂ ಸುಲಭವಾಗಿ ಬದಲಿಸಲು ಆಗುವುದಿಲ್ಲ. ಎಚ್-1ಬಿ ಬೇಕು ಅಂತಿದ್ದರೆ ಮೊದಲ ವರ್ಷದಿಂದಲೇ ಬೇಕು, ಅದಕ್ಕೆ ಸ್ಟೆಪ್ 3 ಮೊದಲೇ ಪಾಸಾಗಿರಬೇಕು. ಅದರ ಮಿತಿ 6 ವರ್ಷ. ರೇಡಿಯಾಲಜಿಗೆ ಇಂಟರ್ನ್ ವರ್ಷ 1, ರೆಸಿಡೆನ್ಸಿ 4, ಫೆಲೋಶಿಪ್ 1, ಅಲ್ಲಿಗೆ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಂದ ಆದೇಶದಲ್ಲಿ ಅಮೆರಿಕದ ಹೊರಗಿರುವವರಿಗೆ ಹೊಸ ಎಚ್-1ಬಿ ಹಾಕಲು 1 ಲಕ್ಷ ಡಾಲರ್ ಶುಲ್ಕ ಅಂತ ಮಾಡಿದ ಮೇಲೆ ಈ ದಾರಿ ಇನ್ನೂ ಕಿರಿದಾಗಿದೆ. ಪ್ರೋಗ್ರಾಂನ ವೆಬ್‌ಸೈಟ್ ಹಳೆಯದಿರಬಹುದು, ಕೋಆರ್ಡಿನೇಟರ್‌ಗೆ ಇಮೇಲ್ ಬರೆದು ಈ ವರ್ಷದ ಉತ್ತರವನ್ನೇ ಕೇಳಿ.

ಊರಿನ ವಿಷಯ. ಅಡ್ವಾನ್ಸ್‌ಡ್ ಸೀಟು ಇರುವ ಆಸ್ಪತ್ರೆಯಲ್ಲೇ, ಅಥವಾ ಅದೇ ಊರಿನಲ್ಲಿ ಇಂಟರ್ನ್ ವರ್ಷ ಸಿಕ್ಕರೆ ಅದಕ್ಕೆ ತುಂಬಾ ಬೆಲೆ ಕೊಡಿ. ಮನೆ ಬದಲಿಸುವ ಖರ್ಚು ಉಳಿಯುತ್ತದೆ, ಕಂಪ್ಯೂಟರ್ ವ್ಯವಸ್ಥೆ ಗೊತ್ತಿರುತ್ತದೆ, ಮುಂದೆ ರಾತ್ರಿ ಫೋನ್ ಮಾಡುವ ಮೆಡಿಸಿನ್‌ನವರು ನಿಮ್ಮ ಜೊತೆ ದುಡಿದವರೇ ಆಗಿರುತ್ತಾರೆ. ಬೇರೆ ಊರಾದರೆ ತಾರೀಕು ನೋಡಿ. ಇಂಟರ್ನ್ ವರ್ಷ ಮುಗಿಯುವುದು ಜೂನ್ 30ಕ್ಕೆ, ಮುಂದಿನದು ಶುರುವಾಗುವುದು ಜುಲೈ 1ಕ್ಕೆ, ಅದರ ಓರಿಯೆಂಟೇಶನ್ ಜೂನ್ ಕೊನೆಯ ವಾರದಲ್ಲೇ ಇರುತ್ತದೆ. ಎರಡೂ ಕಡೆ ಒಂದೇ ದಿನ ಇರಲು ಆಗಲ್ಲ. ಕೊನೆಯ ಒಂದೆರಡು ವಾರ ರಜೆಯಾಗಿ ಬಿಡುತ್ತಾರಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಸಂಬಳ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ, ವರ್ಷಕ್ಕೆ ಸಾಮಾನ್ಯವಾಗಿ 60 ಸಾವಿರದಿಂದ 80 ಸಾವಿರ ಡಾಲರ್ ನಡುವೆ. ಬಾಡಿಗೆ ಮಾತ್ರ ಒಂದೇ ಅಲ್ಲ. ನ್ಯೂಯಾರ್ಕ್‌ನಲ್ಲಿ ಒಂದು ಕೋಣೆಗೆ ಕೊಡುವುದರಲ್ಲಿ ಒಹಾಯೊದ ಸಣ್ಣ ಊರಿನಲ್ಲಿ ಇಡೀ ಮನೆ ಸಿಗುತ್ತದೆ, ಆದರೆ ಅಲ್ಲಿ ಕಾರು ಬೇಕು, ಹಿಮದಲ್ಲಿ ಬೆಳಗಿನ ಐದಕ್ಕೆ ಓಡಿಸಲು ಬರಬೇಕು. ಹತ್ತಿರದಲ್ಲಿ ಅಕ್ಕನೋ ಚಿಕ್ಕಪ್ಪನೋ ಇದ್ದರೆ ಅದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ನೈಟ್ ಫ್ಲೋಟ್ ವಾರಗಳಲ್ಲಿ ಬಿಸಿ ಅನ್ನ ಸಾರು ಇಟ್ಟು "ತಿಂದು ಮಲಗು" ಅನ್ನುವವರು ಇದ್ದರೆ ವರ್ಷ ಬೇರೆಯೇ ಆಗಿರುತ್ತದೆ.

ಸಂದರ್ಶನದಲ್ಲಿ ಏನು ಕೇಳಬೇಕು

ಪ್ರೋಗ್ರಾಂ ಡೈರೆಕ್ಟರ್ ಹತ್ತಿರ ಅಲ್ಲ, ಈಗಿರುವ ಇಂಟರ್ನ್‌ಗಳ ಹತ್ತಿರ ಕೇಳಿ, ಅದೂ ಪ್ರಿಲಿಮ್ ಇಂಟರ್ನ್‌ಗಳ ಹತ್ತಿರ. ವಾರ್ಡಿನ ತಿಂಗಳು ಎಷ್ಟು, ಐಸಿಯು ಎಷ್ಟು, ರಾತ್ರಿ ಎಷ್ಟು ವಾರ? ರಕ್ತ ತೆಗೆಯುವುದು ಯಾರು, ಐವಿ ಹಾಕುವುದು ಯಾರು, ರೋಗಿಯನ್ನು ಸ್ಕ್ಯಾನ್‌ಗೆ ತಳ್ಳಿಕೊಂಡು ಹೋಗುವುದು ಯಾರು? ಇವೆಲ್ಲ ಇಂಟರ್ನ್ ಕೆಲಸವೇ ಅಂತ ಉತ್ತರ ಬಂದರೆ ಆ 80 ಗಂಟೆಯಲ್ಲಿ ಕಲಿಯಲು ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಿ. ರಾತ್ರಿ ಸೀನಿಯರ್ ಕಟ್ಟಡದಲ್ಲೇ ಇರುತ್ತಾರಾ? ಸ್ಟೆಪ್ 3 ಬರೆಯಲು ರಜೆ ಕೊಡುತ್ತಾರಾ? ಹೋದ ವರ್ಷದ ಪ್ರಿಲಿಮ್‌ಗಳು ಈಗ ಎಲ್ಲಿದ್ದಾರೆ? ಕೊನೆಯ ಪ್ರಶ್ನೆಗೆ ಹೆಸರು, ಊರು ಸಮೇತ ಥಟ್ಟನೆ ಉತ್ತರ ಬಂದರೆ ಒಳ್ಳೆಯ ಲಕ್ಷಣ. ತಡವರಿಸಿದರೆ, ಅದರಲ್ಲೂ ನೀವು ಎರಡನೇ ಗುಂಪಿನವರಾದರೆ, ಆ ಪ್ರೋಗ್ರಾಂ ಕೆಳಗೆ ಹೋಗಲಿ.

ಅರ್ಜಿಯಲ್ಲಿ ಪ್ರಿಲಿಮ್‌ಗೆ ಬೇರೆ ಪರ್ಸನಲ್ ಸ್ಟೇಟ್‌ಮೆಂಟ್ ಬರೆಯಿರಿ. ರೇಡಿಯಾಲಜಿ ಯಾಕೆ ಇಷ್ಟ ಅನ್ನುವ ಕಥೆಯನ್ನೇ ಮೆಡಿಸಿನ್‌ನವರಿಗೂ ಕಳಿಸಿದರೆ ಅವರಿಗೆ ಅದರಿಂದ ಏನೂ ಸಿಗಲ್ಲ. ಈ ಒಂದು ವರ್ಷ ಅವರ ವಾರ್ಡಿನಲ್ಲಿ ನೀವು ಹೇಗೆ ದುಡಿಯುತ್ತೀರಿ ಅನ್ನುವುದೇ ಅವರಿಗೆ ಬೇಕಾದದ್ದು. ಶಿಫಾರಸು ಪತ್ರಗಳಲ್ಲೂ ಒಂದಾದರೂ ಮೆಡಿಸಿನ್‌ನವರದ್ದು ಇರಲಿ.

ರ‍್ಯಾಂಕ್ ಲಿಸ್ಟ್

ಮ್ಯಾಚ್‌ಗೆ ನಿಮ್ಮ ಇಷ್ಟದ ಕ್ರಮದಲ್ಲಿ ಕೊಡುವ ಪಟ್ಟಿ ಇದು. ಮುಖ್ಯ ಪಟ್ಟಿಯಲ್ಲಿ ಅಡ್ವಾನ್ಸ್‌ಡ್ ಪ್ರೋಗ್ರಾಂಗಳನ್ನು ಹಾಕುತ್ತೀರಿ. ಒಂದೊಂದಕ್ಕೂ ಒಂದು ಪೂರಕ ಪಟ್ಟಿ ಜೋಡಿಸುತ್ತೀರಿ, ಅದರಲ್ಲಿ ಇಂಟರ್ನ್ ವರ್ಷದ ಪ್ರೋಗ್ರಾಂಗಳು. ಎಲ್ಲದಕ್ಕೂ ಒಂದೇ ಪೂರಕ ಪಟ್ಟಿ ಹಾಕಬಹುದು, ಊರಿಗೆ ತಕ್ಕಂತೆ ಬೇರೆ ಬೇರೆಯೂ ಹಾಕಬಹುದು. ಶಿಕಾಗೋದ ರೇಡಿಯಾಲಜಿಗೆ ಶಿಕಾಗೋದ ಪ್ರಿಲಿಮ್‌ಗಳು ಮೇಲೆ, ಹ್ಯೂಸ್ಟನ್‌ಗೆ ಹ್ಯೂಸ್ಟನ್ನಿನವು ಮೇಲೆ.

ಯಂತ್ರ ಮೊದಲು ಅಡ್ವಾನ್ಸ್‌ಡ್ ಸೀಟು ಹೊಂದಿಸುತ್ತದೆ, ಅದು ಸಿಕ್ಕ ಮೇಲೆ ಮಾತ್ರ ಅದರ ಪೂರಕ ಪಟ್ಟಿಗೆ ಇಳಿಯುತ್ತದೆ. ಅಲ್ಲಿ ಏನೂ ಸಿಗದಿದ್ದರೂ ಅಡ್ವಾನ್ಸ್‌ಡ್ ಸೀಟು ಕೈತಪ್ಪುವುದಿಲ್ಲ. ಹಾಗಾಗಿ ಪ್ರಿಲಿಮ್ ಸಿಗುತ್ತದೋ ಇಲ್ಲವೋ ಅನ್ನುವ ಭಯಕ್ಕೆ ಮುಖ್ಯ ಪಟ್ಟಿಯ ಕ್ರಮವನ್ನು ಬದಲಿಸಬೇಡಿ. ಮ್ಯಾಚ್ 1952ರಿಂದ ನಡೆಯುತ್ತಿದೆ, ಈಗಿನ ಲೆಕ್ಕಾಚಾರ ಆಲ್ವಿನ್ ರಾತ್ ಮತ್ತು ಎಲಿಯಟ್ ಪೆರಾನ್ಸನ್ ಅವರು ರೂಪಿಸಿದ್ದು, 1998ರಿಂದ ಬಳಕೆಯಲ್ಲಿದೆ. ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅದು ಅರ್ಜಿದಾರರ ಇಷ್ಟದಿಂದ ಶುರುವಾಗುವ ಲೆಕ್ಕ, ನಿಮಗೆ ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಿರಿ, ಜಾಣತನ ಬೇಡ.

ಅಡ್ವಾನ್ಸ್‌ಡ್ ಸಿಕ್ಕು ಪ್ರಿಲಿಮ್ ಸಿಗದಿದ್ದರೆ ಮಾರ್ಚ್‌ನ ಮ್ಯಾಚ್ ವಾರದ ಸೋಮವಾರ ಗೊತ್ತಾಗುತ್ತದೆ, ಅದೇ ವಾರ ಸೋಪ್ (ಉಳಿದ ಸೀಟುಗಳನ್ನು ಹಂಚುವ ಸುತ್ತು) ಮೂಲಕ ಖಾಲಿ ಸೀಟಿಗೆ ಅರ್ಜಿ ಹಾಕಬೇಕು. ಟಿವೈ ಅಲ್ಲಿ ಸಿಗುವುದು ಅಪರೂಪ, ಸರ್ಜರಿ ಧಾರಾಳ, ಮೆಡಿಸಿನ್ ಸ್ವಲ್ಪ. ಅಡ್ವಾನ್ಸ್‌ಡ್ ಸೀಟು ಕೈಯಲ್ಲಿದ್ದರೆ, ನಿಮ್ಮ ಪ್ರೋಗ್ರಾಂ ಒಪ್ಪುವುದಾದರೆ, ಸರ್ಜರಿ ವರ್ಷವಾದರೂ ಧೈರ್ಯವಾಗಿ ತಗೊಳ್ಳಿ, ಒಂದು ವರ್ಷ ಕಷ್ಟ, ಮುಂದೆ ದಾರಿ ಇದೆ. ಇದನ್ನು ತಪ್ಪಿಸಲು ಪೂರಕ ಪಟ್ಟಿಯನ್ನು ಉದ್ದ ಮಾಡಿ. ಮೊದಲ 20 ಪ್ರೋಗ್ರಾಂಗಳವರೆಗೆ ಹೆಚ್ಚುವರಿ ಹಣ ಇಲ್ಲ.

ಎರಡನೇ ಗುಂಪಿನವರು ಮುಖ್ಯ ಪಟ್ಟಿಯ ಕೊನೆಯಲ್ಲಿ ಬರೀ ಪ್ರಿಲಿಮ್‌ಗಳನ್ನೂ ಹಾಕಬಹುದು. ಆದರೆ ಮ್ಯಾಚ್ ಅಂದರೆ ಒಪ್ಪಂದ, ಸಿಕ್ಕ ಮೇಲೆ ಬೇಡ ಅನ್ನಲು ಬರುವುದಿಲ್ಲ. ನಿಜವಾಗಿ ಹೋಗುತ್ತೀರಾದರೆ ಮಾತ್ರ ಹಾಕಿ. ಇನ್ನು ಕೊನೆಯದಾಗಿ, ಪ್ರತಿಯೊಂದು ಅಡ್ವಾನ್ಸ್‌ಡ್ ಪ್ರೋಗ್ರಾಂ ಮುಂದೆಯೂ ಪೂರಕ ಪಟ್ಟಿ ಜೋಡಣೆಯಾಗಿದೆಯಾ ಅಂತ ಒಂದೊಂದಾಗಿ ತೆರೆದು ನೋಡಿ, ಆಮೇಲೆ ಪಟ್ಟಿಯನ್ನು ಅಂತಿಮಗೊಳಿಸುವ ಸರ್ಟಿಫೈ ಗುಂಡಿ ಒತ್ತಿ. ಏನನ್ನಾದರೂ ಬದಲಿಸಿದರೆ ಮತ್ತೆ ಸರ್ಟಿಫೈ ಮಾಡಬೇಕು.